ಗಾಳಿಸುದ್ದಿ: ವಿಮಾನ ಕಂಪನಿ ದಿವಾಳಿಯಾದಾಗ ಹೊರಟವರ ಕತೆ

ಗಾಳಿಸುದ್ದಿ ಅನ್ನೋ ಪದಕ್ಕೆ ವಿಮಾನ ಕಂಪನಿಗಳಷ್ಟು ಒಪ್ಪುವ ಜಾಗ ಇನ್ನೊಂದಿಲ್ಲ ಅನ್ನಿಸುತ್ತೆ ನನಗೆ. ಕಂಪನಿಗೆ ಕಷ್ಟ ಬಂದಿದೆ ಅಂತ ಗೊತ್ತಾದ ದಿನದಿಂದ ಶುರುವಾಗುತ್ತೆ ನೋಡಿ… "ದೊಡ್ಡ ಸಾಹೇಬರು ರಾಜೀನಾಮೆ ಕೊಡ್ತಾರಂತೆ", "ಹಣಕಾಸಿನವರು ಆಗಲೇ ಬೇರೆ ಕಡೆ ಕೆಲಸ ನೋಡಿಕೊಂಡಿದ್ದಾರಂತೆ", "ಹೋಗುವವರಿಗೆ ಕೋಟಿಗಟ್ಟಲೆ ಕೊಡ್ತಾರಂತೆ". ಎಲ್ಲವೂ 'ಅಂತೆ'. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರು ಎಲ್ಲ ಕಡೆ ಇದ್ದೇ ಇರ್ತಾರೆ. ಆದರೆ ಈ ಅಂತೆಕಂತೆಗಳನ್ನು ಬರೀ ಹರಟೆ ಅಂತ ತಳ್ಳಿಹಾಕಬೇಕಾ? ಅಥವಾ ಅದಕ್ಕೂ ಒಂದು ಚರಿತ್ರೆ, ಒಂದು ಕಾರಣ ಇದೆಯಾ?

ಇದನ್ನು ಯೋಚಿಸೋಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಅಮೆರಿಕನ್ ಏರ್‌ಲೈನ್ಸ್. 2003ರಿಂದ 2013ರವರೆಗಿನ ಹತ್ತು ವರ್ಷ. ಈ ಹತ್ತು ವರ್ಷದಲ್ಲಿ ಆ ಕಂಪನಿಯ ಮೂರು ಮುಖ್ಯಸ್ಥರು ಮೂರು ರೀತಿಯಲ್ಲಿ ಕುರ್ಚಿ ಬಿಟ್ಟರು. ಒಬ್ಬರನ್ನು ನೌಕರರ ಸಿಟ್ಟು ಕಳಿಸಿತು, ಒಬ್ಬರು ತಾವಾಗೇ ಬರಿಗೈಲಿ ಎದ್ದು ಹೋದರು, ಇನ್ನೊಬ್ಬರ ಬೀಳ್ಕೊಡುಗೆಯ ದುಡ್ಡಿಗೆ ನ್ಯಾಯಾಧೀಶರೇ ಅಡ್ಡ ಬಂದರು. ಮೂರನ್ನೂ ಜೋಡಿಸಿ ನೋಡಿದರೆ ಒಂದು ವಿಷಯ ಹೊಳೆಯುತ್ತೆ. ಅದನ್ನು ಹೇಳೋಕೇ ಈ ಬರಹ.

ಮೊದಲು ದಿವಾಳಿ ಅಂದರೆ ಅಲ್ಲಿ ಏನು ಅಂತ ಸ್ವಲ್ಪ ಹೇಳಿಬಿಡ್ತೀನಿ. ನಮ್ಮಲ್ಲಿ ದಿವಾಳಿ ಅಂದರೆ ಅಂಗಡಿ ಬಾಗಿಲು ಹಾಕಿತು ಅಂತಲೇ ಅರ್ಥ. ಅಮೆರಿಕದ ದಿವಾಳಿ ಕಾನೂನಿನಲ್ಲಿ 'ಚಾಪ್ಟರ್ 11' ಅಂತ ಒಂದು ಅಧ್ಯಾಯ ಇದೆ. ಅದರ ಪ್ರಕಾರ ಕಂಪನಿ ಕೋರ್ಟಿನ ಆಸರೆಯಲ್ಲಿ ನಡೀತಾನೇ ಇರುತ್ತೆ. ವಿಮಾನ ಹಾರ್ತಾ ಇರುತ್ತೆ, ಟಿಕೆಟ್ ಮಾರ್ತಾ ಇರ್ತಾರೆ. ಸಾಲ ಕೊಟ್ಟವರು ಸದ್ಯಕ್ಕೆ ವಸೂಲಿಗೆ ಬರುವ ಹಾಗಿಲ್ಲ. ಆ ಬಿಡುವಿನಲ್ಲಿ ಹಳೇ ಸಾಲ, ವಿಮಾನದ ಬಾಡಿಗೆ, ನೌಕರರ ಒಪ್ಪಂದ ಎಲ್ಲವನ್ನೂ ಹೊಸದಾಗಿ ಬರೆಯಬಹುದು. ಎಲ್ಲಕ್ಕಿಂತ ಮುಖ್ಯ ಏನಂದರೆ, ಸಾಮಾನ್ಯವಾಗಿ ಹಳೇ ಆಡಳಿತವೇ ಕುರ್ಚಿಯಲ್ಲಿ ಮುಂದುವರಿಯುತ್ತೆ. ಕಂಪನಿಯನ್ನು ಈ ಸ್ಥಿತಿಗೆ ತಂದವರೇ ಕಂಪನಿಯನ್ನು ರಿಪೇರಿ ಮಾಡ್ತಾರೆ! ಹಾಗಾಗಿ "ಇವರು ಇರ್ತಾರಾ, ಹೋಗ್ತಾರಾ" ಅನ್ನೋ ಮಾತು ಮೊದಲ ದಿನದಿಂದಲೇ ಎಲ್ಲರ ಬಾಯಲ್ಲಿ.

2001ರ ಸೆಪ್ಟೆಂಬರ್ 11ರ ನಂತರ ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಒಂದರ ಹಿಂದೆ ಒಂದು ಈ ಬಾಗಿಲು ತಟ್ಟಿದವು. ಯುಎಸ್ ಏರ್‌ವೇಸ್ 2002ರ ಆಗಸ್ಟ್‌ನಲ್ಲಿ (ಮತ್ತೆ 2004ರಲ್ಲಿ), ಯುನೈಟೆಡ್ 2002ರ ಡಿಸೆಂಬರ್‌ನಲ್ಲಿ, ಡೆಲ್ಟಾ ಮತ್ತು ನಾರ್ತ್‌ವೆಸ್ಟ್ 2005ರ ಸೆಪ್ಟೆಂಬರ್ 14ರಂದು, ಎರಡೂ ಒಂದೇ ದಿನ. ಅಮೆರಿಕನ್ ಏರ್‌ಲೈನ್ಸ್ ಮಾತ್ರ ಹಟ ಹಿಡಿದು ಹೊರಗೇ ನಿಂತಿತ್ತು. ಆದರೆ 2003ರ ಏಪ್ರಿಲ್‌ನಲ್ಲಿ ಅದೂ ಹೊಸ್ತಿಲ ತನಕ ಹೋಗಿ ಬಂತು. ನಮ್ಮ ಮೊದಲ ಕತೆ ಅದು.

2002ರಲ್ಲಿ ಕಂಪನಿಗೆ ಆದ ನಷ್ಟ 350 ಕೋಟಿ ಡಾಲರ್. ಆಗ ಮುಖ್ಯಸ್ಥರಾಗಿದ್ದವರು ಡಾನ್ ಕಾರ್ಟಿ. ಅವರು ಯೂನಿಯನ್ನುಗಳ ಮುಂದೆ ಇಟ್ಟ ಮಾತು ಸರಳ: ಸಂಬಳ ಬಿಟ್ಟುಕೊಡಿ, ಇಲ್ಲದಿದ್ದರೆ ದಿವಾಳಿ ಕೋರ್ಟು. ಪೈಲಟ್‌ಗಳಿಂದ ವರ್ಷಕ್ಕೆ 66 ಕೋಟಿ ಡಾಲರ್, ಮೆಕ್ಯಾನಿಕ್ ಮತ್ತು ನೆಲದ ಮೇಲಿನ ಕೆಲಸಗಾರರಿಂದ 62 ಕೋಟಿ, ಗಗನಸಖಿಯರಿಂದ 34 ಕೋಟಿ. ಮೂರು ಯೂನಿಯನ್ನುಗಳೂ ಮತಕ್ಕೆ ಹಾಕಿದವು. ಗಗನಸಖಿಯರು ಮೊದಲು ಬೇಡ ಅಂದರು. ಮತದಾನದ ಅವಧಿಯನ್ನು ಒಂದು ದಿನ ಮುಂದುವರಿಸಿ, ಏಪ್ರಿಲ್ 16ಕ್ಕೆ ಹೇಗೋ ಒಪ್ಪಿಗೆ ಬಂತು. ಎಲ್ಲರೂ ಉಸಿರು ಬಿಟ್ಟರು.

ಆ ಉಸಿರು ಒಂದು ದಿನವೂ ಉಳೀಲಿಲ್ಲ. ಕಂಪನಿ ಗಡುವು ಮುಂದೂಡಿಸಿಕೊಂಡು, ಮತದಾನದ ಹೊತ್ತಿಗೆ ಸರಿಯಾಗಿ ಸಲ್ಲಿಸಿದ್ದ ವಾರ್ಷಿಕ ವರದಿಯಲ್ಲಿ ಎರಡು ಸಂಗತಿಗಳಿದ್ದವು. ಒಂದು, ಮೇಲಿನ ಕೆಲವು ಅಧಿಕಾರಿಗಳು 2005ರ ಜನವರಿಯವರೆಗೆ ಕಂಪನಿ ಬಿಡದೆ ಇದ್ದರೆ ಅವರಿಗೆ ಮೂಲ ಸಂಬಳದ ಎರಡು ಪಟ್ಟು ಬೋನಸ್. ಎರಡು, ಕಂಪನಿ ದಿವಾಳಿಯಾದರೂ 45 ಅಧಿಕಾರಿಗಳ ಪಿಂಚಣಿಗೆ ಧಕ್ಕೆ ಬಾರದ ಹಾಗೆ ಒಂದು ಟ್ರಸ್ಟಿಗೆ 4.1 ಕೋಟಿ ಡಾಲರ್ ಹಾಕಿಟ್ಟಿದ್ದರು. ಕೆಳಗಿನವರಿಗೆ "ಸಂಬಳ ಬಿಡಿ, ಇಲ್ಲದಿದ್ದರೆ ಎಲ್ಲರೂ ಮುಳುಗ್ತೀವಿ" ಅಂದವರು ತಮಗೆ ಮಾತ್ರ ದೋಣಿ ಕಟ್ಟಿಕೊಂಡಿದ್ದರು ಅಂತಾಯಿತು.

ಸುದ್ದಿ ಪತ್ರಿಕೆಯಲ್ಲಿ ಬಂದಾಗ ಎದ್ದ ಸಿಟ್ಟನ್ನು ಊಹಿಸಿಕೊಳ್ಳಿ. ಕಾರ್ಟಿ ಕ್ಷಮೆ ಕೇಳಿದರು, ಬೋನಸ್ ರದ್ದು ಮಾಡಿದರು. ಆದರೆ ಪಿಂಚಣಿಯ ಟ್ರಸ್ಟ್ ಉಳಿಯಿತು. ಯೂನಿಯನ್ನುಗಳು ಮತ್ತೆ ಮತ ಹಾಕ್ತೀವಿ ಅಂದವು. ಏಪ್ರಿಲ್ 24ರಂದು ಕಾರ್ಟಿ ರಾಜೀನಾಮೆ ಕೊಟ್ಟರು. ಒಪ್ಪಂದಗಳು ಒಂದಿಷ್ಟು ತಿದ್ದುಪಡಿಯೊಂದಿಗೆ ಉಳಿದವು, ಕಂಪನಿ ದಿವಾಳಿ ಕೋರ್ಟಿಗೆ ಹೋಗೋದು ತಪ್ಪಿತು.

ಇಲ್ಲಿ ಸ್ವಲ್ಪ ನಿಂತು ನೋಡಿ. ಆ ಬೋನಸ್ ಇಟ್ಟಿದ್ದು ಯಾಕೆ? ಅಧಿಕಾರಿಗಳು ಬಿಟ್ಟು ಹೋಗ್ತಾರೆ ಅನ್ನೋ ಭಯಕ್ಕೆ. ಅವರು ಹೋಗದಿರಲಿ ಅಂತ ಮಾಡಿದ ಏರ್ಪಾಡೇ ಕೊನೆಗೆ ಎಲ್ಲರಿಗಿಂತ ಮೇಲಿದ್ದವರನ್ನು ಮನೆಗೆ ಕಳಿಸಿತು. ಇನ್ನೊಂದು ಮಾತು. ಕಾರ್ಟಿಯವರ ಬೋನಸ್ ದುಡ್ಡು ಉಳಿದವರ ತ್ಯಾಗದ ಮುಂದೆ ಲೆಕ್ಕಕ್ಕೇ ಇಲ್ಲ. 162 ಕೋಟಿ ಡಾಲರ್ ಎಲ್ಲಿ, ಕೆಲವು ಅಧಿಕಾರಿಗಳ ಬೋನಸ್ ಎಲ್ಲಿ? ಆದರೆ ಜನ ಲೆಕ್ಕ ಹಾಕಿದ್ದು ಮೊತ್ತವನ್ನಲ್ಲ. ಮುಚ್ಚಿಟ್ಟಿದ್ದನ್ನು. ಮತ ಹಾಕೋ ಮುಂಚೆ ಹೇಳಿದ್ದರೆ ಜಗಳ ಆಗ್ತಿತ್ತು, ಬೇರೆ ಮಾತು. ನಂಬಿಕೆ ಈ ಪರಿ ಮುರೀತಿರಲಿಲ್ಲ ಅಂತ ನನ್ನ ಅನಿಸಿಕೆ. ಆಮೇಲಿನ ಹತ್ತು ವರ್ಷ ಆ ಕಂಪನಿಯಲ್ಲಿ ಹುಟ್ಟಿದ ಪ್ರತಿಯೊಂದು ಗಾಳಿಸುದ್ದಿಗೂ ಬೀಜ ಬಿದ್ದಿದ್ದು ಆ ವಾರದಲ್ಲಿ.

ಈ ನಡುವೆ ಕಾನೂನೂ ಬದಲಾಯಿತು. ದಿವಾಳಿಯಾದ ಕಂಪನಿಗಳು ಮೇಲಧಿಕಾರಿಗಳನ್ನು 'ಉಳಿಸಿಕೊಳ್ಳೋಕೆ' ಅಂತ ದುಡ್ಡು ಹಂಚೋದು ಬರೀ ವಿಮಾನ ಕಂಪನಿಗಳ ರೋಗವಲ್ಲ, ಎಲ್ಲ ಕಡೆ ಇತ್ತು. 2005ರಲ್ಲಿ ಅಮೆರಿಕದ ಸಂಸತ್ತು ದಿವಾಳಿ ಕಾನೂನಿಗೆ ತಿದ್ದುಪಡಿ ತಂದಾಗ 503ನೇ ಸೆಕ್ಷನ್ನಿಗೆ ಒಂದು ಹೊಸ ಭಾಗ ಸೇರಿಸಿತು. ಬೇರೆ ಕಡೆಯಿಂದ ನಿಜವಾಗಲೂ ಕೆಲಸದ ಕರೆ ಬಂದಿದೆ ಅಂತ ತೋರಿಸದೆ ಉಳಿಸಿಕೊಳ್ಳುವ ಬೋನಸ್ ಕೊಡುವ ಹಾಗಿಲ್ಲ. ಬಿಟ್ಟು ಹೋಗುವಾಗ ಕೊಡುವ ದುಡ್ಡಿಗೂ ಮಿತಿ: ಅಂಥ ಸೌಲಭ್ಯ ಪೂರ್ಣಾವಧಿ ನೌಕರರೆಲ್ಲರಿಗೂ ಇರಬೇಕು, ಮತ್ತು ಆ ವರ್ಷ ಸಾಮಾನ್ಯ ನೌಕರರಿಗೆ ಸಿಕ್ಕ ಸರಾಸರಿಯ ಹತ್ತು ಪಟ್ಟು ಮೀರಬಾರದು. ಕಂಪನಿಗಳು ಬಿಡ್ತಾವಾ? 'ಉಳಿಸಿಕೊಳ್ಳುವ ಬೋನಸ್' ಅನ್ನೋ ಹೆಸರು ತೆಗೆದು 'ಪ್ರೋತ್ಸಾಹಕ ಬೋನಸ್' ಅಂತ ಬರೆಯೋಕೆ ಶುರು ಮಾಡಿದವು! ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು… ಆದರೂ ಈ ಸೆಕ್ಷನ್ ನೆನಪಿಟ್ಟುಕೊಳ್ಳಿ, ಮೂರನೇ ಕತೆಯಲ್ಲಿ ಬರುತ್ತೆ.

ಎರಡನೇ ಕತೆ ಜೆರಾರ್ಡ್ ಆರ್ಪಿಯವರದು. 1982ರಲ್ಲಿ ಕಂಪನಿ ಸೇರಿದವರು, ಕಾರ್ಟಿ ಹೋದ ಮೇಲೆ ಮುಖ್ಯಸ್ಥರಾದರು. ಬೇರೆ ಕಂಪನಿಗಳೆಲ್ಲ ದಿವಾಳಿ ಕೋರ್ಟಿಗೆ ಹೋಗಿ ಸಾಲ, ಪಿಂಚಣಿ ಎಲ್ಲ ಇಳಿಸಿಕೊಂಡು ಹಗುರಾಗಿ ಬಂದವು. ಯುನೈಟೆಡ್ ಅಂತೂ ತನ್ನ ಪಿಂಚಣಿ ಯೋಜನೆಗಳನ್ನೇ ಸರ್ಕಾರಿ ವಿಮಾ ಸಂಸ್ಥೆಯ ತಲೆಗೆ ಕಟ್ಟಿತು. ಆರ್ಪಿ ಮಾತ್ರ ಆ ದಾರಿ ಹಿಡೀಲಿಲ್ಲ. ಸಾಲ ತೀರಿಸೋದು, ಕೊಟ್ಟ ಮಾತು ಉಳಿಸಿಕೊಳ್ಳೋದು ಕಂಪನಿಯ ಧರ್ಮ ಅನ್ನೋ ನಿಲುವು ಅವರದು. ಒಳ್ಳೆಯ ನಿಲುವೇ. ಆದರೆ ಹಗುರಾದ ಎದುರಾಳಿಗಳ ಜೊತೆ ಭಾರ ಹೊತ್ತು ಓಡಬೇಕಾಯಿತು. ನಷ್ಟ ಬೆಳೀತಾ ಹೋಯಿತು.

2011ರ ಶರತ್ಕಾಲಕ್ಕೆ ಗಾಳಿಸುದ್ದಿ ಜೋರಾಯಿತು. ಈ ಭಾಗ ನನಗೆ ಬಹಳ ಇಷ್ಟ. ಯಾಕಂದರೆ ಇಲ್ಲಿ ಸುದ್ದಿ ಹುಟ್ಟಿಸಿದ್ದು ಮೇಲಿನವರು ಹೊರಟಿದ್ದಲ್ಲ, ಪೈಲಟ್‌ಗಳು ಹೊರಟಿದ್ದು! ಮಾಮೂಲಿ ತಿಂಗಳಲ್ಲಿ ಬೆರಳೆಣಿಕೆಯಷ್ಟು ಪೈಲಟ್‌ಗಳು ನಿವೃತ್ತಿ ಆಗುವ ಕಂಪನಿಯಲ್ಲಿ, ಆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಎರಡೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ನಿವೃತ್ತಿ ತೆಗೆದುಕೊಂಡರು. ಇದಕ್ಕೊಂದು ಲೆಕ್ಕಾಚಾರ ಇತ್ತು. ಅವರ ಪಿಂಚಣಿಯ ಒಂದು ಭಾಗ ಷೇರುಪೇಟೆಯ ಮೇಲೆ ನಿಂತಿತ್ತು, ಮತ್ತು ನಿವೃತ್ತಿ ಆಗುವವರಿಗೆ ಕೆಲವು ವಾರಗಳ ಹಿಂದಿನ ಬೆಲೆಯನ್ನೇ ಹಿಡಿದುಕೊಳ್ಳುವ ಅವಕಾಶ ಇತ್ತು. ಆ ಬೇಸಿಗೆಯಲ್ಲಿ ಪೇಟೆ ಬಿದ್ದಿತ್ತು, ಹಾಗಾಗಿ ಹಳೇ ಬೆಲೆಗೆ ಹೋಗೋದು ಲಾಭ. ಜೊತೆಗೆ, ದಿವಾಳಿ ಆಗಿಬಿಟ್ಟರೆ ಒಟ್ಟಿಗೆ ದುಡ್ಡು ತೆಗೆದುಕೊಳ್ಳುವ ಅವಕಾಶವೇ ಹೋದರೆ ಅನ್ನೋ ಭಯ.

ಹೊರಗಿನವರಿಗೆ ಈ ಲೆಕ್ಕ ಎಲ್ಲಿ ಗೊತ್ತು? "ಪೈಲಟ್‌ಗಳೇ ಓಡಿ ಹೋಗ್ತಿದ್ದಾರೆ ಅಂದರೆ ಒಳಗೇನೋ ಆಗಿದೆ" ಅಂದರು. 2011ರ ಅಕ್ಟೋಬರ್ 3ರಂದು ಒಂದೇ ದಿನ ಕಂಪನಿಯ ಷೇರು ಮೂರನೇ ಒಂದು ಭಾಗ ಬಿತ್ತು, ದಿನದ ಕೊನೆಗೆ ಎರಡು ಡಾಲರಿಗಿಂತ ಕೆಳಗೆ ಬಂದು ನಿಂತಿತು. ವಹಿವಾಟನ್ನು ಮತ್ತೆ ಮತ್ತೆ ನಿಲ್ಲಿಸಬೇಕಾಯಿತು. ದಿವಾಳಿ ನಮ್ಮ ಗುರಿಯೂ ಅಲ್ಲ, ಆಯ್ಕೆಯೂ ಅಲ್ಲ ಅನ್ನೋ ಅರ್ಥದ ಹೇಳಿಕೆ ಕಂಪನಿಯಿಂದ ಬಂತು. ಎಂಟು ವಾರ ಕಳೀತು. ನವೆಂಬರ್ 29ರ ಬೆಳಿಗ್ಗೆ ಕಂಪನಿ ನ್ಯೂಯಾರ್ಕಿನ ದಿವಾಳಿ ಕೋರ್ಟಿನಲ್ಲಿತ್ತು. ಕೈಯಲ್ಲಿ 410 ಕೋಟಿ ಡಾಲರ್ ನಗದು ಇಟ್ಟುಕೊಂಡೇ.

ಅದೇ ದಿನ ಆರ್ಪಿ ನಿವೃತ್ತಿ ಘೋಷಿಸಿದರು. ಬೀಳ್ಕೊಡುಗೆಯ ಪರಿಹಾರ ತೆಗೆದುಕೊಳ್ಳಲಿಲ್ಲ. ಅವರ ಹತ್ತಿರ ಇದ್ದ ಕಂಪನಿ ಷೇರುಗಳಿಗೆ ಆ ಹೊತ್ತಿಗೆ ಬೆಲೆಯೇ ಇರಲಿಲ್ಲ ಅನ್ನಬಹುದು. ಹೂಸ್ಟನ್ನಿನ ಒಂದು ಖಾಸಗಿ ಹೂಡಿಕೆ ಸಂಸ್ಥೆ ಸೇರಿದರು. ದಿವಾಳಿಯನ್ನು ನೈತಿಕ ಸೋಲು ಅಂತ ಕಂಡ ಮನುಷ್ಯ, ಆ ಕೆಲಸ ತನ್ನ ಕೈಯಿಂದ ಆಗಬಾರದು ಅಂತ ಎದ್ದು ಹೋದರು ಅಂತ ಅವರನ್ನು ಹೊಗಳಿ ಬರೆದವರಿದ್ದಾರೆ. ನನಗೆ ಅವರ ಮೇಲೆ ಗೌರವ ಇದೆ. ಆದರೆ ಒಂದು ಪ್ರಶ್ನೆಯೂ ಇದೆ. ಅವರು ಹೋದ ಎರಡೇ ತಿಂಗಳಿಗೆ, 2012ರ ಫೆಬ್ರವರಿ 1ರಂದು, ಕಂಪನಿ ಸುಮಾರು 13,000 ಹುದ್ದೆ ಕಡಿತದ ಯೋಜನೆ ಮುಂದಿಟ್ಟಿತು. ಪಿಂಚಣಿ ಯೋಜನೆಗಳನ್ನೂ ಕೊನೆಗಾಣಿಸ್ತೀವಿ ಅಂದಿತು. ಅದರಲ್ಲಿದ್ದವರು, ಹಾಲಿ ನೌಕರರು ಮತ್ತು ನಿವೃತ್ತರು ಸೇರಿ, ಸುಮಾರು 1,30,000 ಜನ. ಪಿಂಚಣಿ ವಿಮಾ ಸಂಸ್ಥೆ ಗಟ್ಟಿಯಾಗಿ ತಕರಾರು ತೆಗೆದ ಮೇಲೆ, ಯೋಜನೆಗಳನ್ನು ಪೂರ್ತಿ ಕೊನೆಗಾಣಿಸುವ ಬದಲು ಇದ್ದಲ್ಲಿಗೆ ನಿಲ್ಲಿಸುವ ಮಾತಿಗೆ ಕಂಪನಿ ಬಂತು. ತತ್ವಕ್ಕಾಗಿ ಎದ್ದು ಹೋಗೋಕೆ ಮುಖ್ಯಸ್ಥನಿಗೆ ಸಾಧ್ಯ. ಇಪ್ಪತ್ತೈದು ವರ್ಷ ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ಎಲ್ಲಿಗೆ ಹೋಗಬೇಕು?

(ಅಂದ ಹಾಗೆ, ಆ ರಿಪೇರಿಯ ಕತ್ತರಿ ನಮ್ಮ ಕಡೆಗೂ ಬಂತು. 2005ರ ನವೆಂಬರ್‌ನಲ್ಲಿ ಶುರುವಾಗಿದ್ದ ಷಿಕಾಗೋ–ದೆಹಲಿ ನೇರ ವಿಮಾನವನ್ನು ಅಮೆರಿಕನ್ 2012ರ ಆರಂಭದಲ್ಲಿ ನಿಲ್ಲಿಸಿತು.)

ಮೂರನೆಯವರು ಟಾಮ್ ಹಾರ್ಟನ್. 1985ರಲ್ಲಿ ಅಮೆರಿಕನ್ ಸೇರಿದವರು, ನಡುವೆ ಕೆಲ ವರ್ಷ ಎಟಿ ಅಂಡ್ ಟಿಗೆ ಹೋಗಿ ಹಣಕಾಸು ನೋಡಿಕೊಂಡು ವಾಪಸ್ ಬಂದವರು. ಆರ್ಪಿ ಎದ್ದ ದಿನವೇ ಕುರ್ಚಿಯಲ್ಲಿ ಕೂತರು. ಮೊದಲು ನಮ್ಮ ಮನೆ ನಾವು ಸರಿ ಮಾಡಿಕೊಳ್ತೀವಿ, ಆಮೇಲೆ ಬೇರೆ ಕಂಪನಿ ಜೊತೆ ವಿಲೀನದ ಮಾತು ಅಂದರು. ಅತ್ತ ಯುಎಸ್ ಏರ್‌ವೇಸ್‌ನ ಡಗ್ ಪಾರ್ಕರ್ ಕಾದು ಕೂತಿದ್ದರು. ಈ ಪಾರ್ಕರ್ ಕೂಡ ಎಂಬತ್ತರ ದಶಕದಲ್ಲಿ ಅಮೆರಿಕನ್‌ನ ಹಣಕಾಸು ವಿಭಾಗದಲ್ಲೇ ಇದ್ದವರು, ಹಾರ್ಟನ್‌ರ ಹಳೇ ಸಹೋದ್ಯೋಗಿ. ಅವರು ಮಾಡಿದ್ದೇನು ಗೊತ್ತಾ? ಹಾರ್ಟನ್‌ರ ಹತ್ತಿರ ಹೋಗೋ ಬದಲು ಹಾರ್ಟನ್‌ರ ನೌಕರರ ಹತ್ತಿರ ಹೋದರು. 2012ರ ಏಪ್ರಿಲ್ 20ರಂದು ಅಮೆರಿಕನ್‌ನ ಮೂರೂ ಯೂನಿಯನ್ನುಗಳು ಯುಎಸ್ ಏರ್‌ವೇಸ್ ಜೊತೆ ವಿಲೀನಕ್ಕೆ ನಮ್ಮ ಬೆಂಬಲ ಅಂತ ಘೋಷಿಸಿಬಿಟ್ಟವು. ತಮ್ಮ ಮುಖ್ಯಸ್ಥನನ್ನು ಬಿಟ್ಟು ಪಕ್ಕದ ಮನೆಯವನ ಜೊತೆ ನೌಕರರೇ ಕೈ ಕುಲುಕಿದ್ದು!

ಅಲ್ಲಿಂದ ಮುಂದೆ ಪ್ರಶ್ನೆ ಒಂದೇ. ಹಾರ್ಟನ್ ಉಳೀತಾರಾ? ಹಾರ್ಟನ್ ಜೊತೆಗಿನ ಅಧಿಕಾರಿಗಳಲ್ಲಿ ಯಾರು ಯಾರು ಹೋಗ್ತಾರೆ? ಆದರೆ ಅಷ್ಟರಲ್ಲಿ ಕೆಳಗಿನ ಕುರ್ಚಿಗಳೂ ಅಲ್ಲಾಡಿದವು. ಆಗಸ್ಟ್‌ನಲ್ಲಿ ಪೈಲಟ್‌ಗಳು ಕಂಪನಿಯ ಕೊನೆಯ ಒಪ್ಪಂದವನ್ನು ಶೇ. 61 ಮತಗಳಿಂದ ತಿರಸ್ಕರಿಸಿದಾಗ ಮೊದಲು ರಾಜೀನಾಮೆ ಕೊಟ್ಟಿದ್ದು ಹಾರ್ಟನ್ ಅಲ್ಲ, ಅವರದೇ ಯೂನಿಯನ್ನಿನ ಅಧ್ಯಕ್ಷ ಡೇವ್ ಬೇಟ್ಸ್! ಒಪ್ಪಂದವನ್ನು ಬೆಂಬಲಿಸಿದ್ದಕ್ಕೆ ತೆತ್ತ ಬೆಲೆ. ಸೆಪ್ಟೆಂಬರ್ 4ರಂದು ನ್ಯಾಯಾಧೀಶ ಷಾನ್ ಲೇನ್ ಹಳೇ ಒಪ್ಪಂದ ರದ್ದು ಮಾಡೋಕೆ ಕಂಪನಿಗೆ ಅನುಮತಿ ಕೊಟ್ಟರು. ಆ ತಿಂಗಳು ಅಮೆರಿಕನ್ ವಿಮಾನಗಳು ಸಾಲುಸಾಲಾಗಿ ತಡವಾದವು, ರದ್ದಾದವು. ಪೈಲಟ್‌ಗಳು ಬೇಕಂತಲೇ ರಿಪೇರಿ ದೂರು ಬರೀತಿದ್ದಾರೆ ಅಂತ ಕಂಪನಿ, ಇಲ್ಲ ಅಂತ ಯೂನಿಯನ್. ಇದರ ಮಧ್ಯೆ ಕೆಲವು ಬೋಯಿಂಗ್ 757 ವಿಮಾನಗಳಲ್ಲಿ ಸೀಟುಗಳೇ ಸಡಿಲವಾಗಿ ಅಲ್ಲಾಡಿದವು. ಸೀಟು ಅಲ್ಲಾಡ್ತಿರೋದು ಪ್ರಯಾಣಿಕರದ್ದಾ ಸಾಹೇಬರದ್ದಾ ಅಂತ ಯಾರಾದರೂ ತಮಾಷೆ ಮಾಡಿರಲೇಬೇಕು.

ಇಲ್ಲೊಂದು ಮುಖ್ಯ ವಿಷಯ ಇದೆ. 2003ರಲ್ಲಿ ನೌಕರರು ಕತ್ತಲಲ್ಲಿದ್ದರು. 2012ರಲ್ಲಿ ಹಾಗಿರಲಿಲ್ಲ. ಸಾಲ ಕೊಟ್ಟವರ ಪರವಾಗಿ ರಚನೆಯಾದ ಒಂಬತ್ತು ಸದಸ್ಯರ ಸಮಿತಿಯಲ್ಲಿ ಮೂರು ಸ್ಥಾನ ಯೂನಿಯನ್ನುಗಳದ್ದು, ಇನ್ನೊಂದು ಪಿಂಚಣಿ ವಿಮಾ ಸಂಸ್ಥೆಯದ್ದು. ಕಂಪನಿಯ ಲೆಕ್ಕಪತ್ರ ನೋಡುವ, ಪ್ರಶ್ನೆ ಕೇಳುವ ಹಕ್ಕು ಸಮಿತಿಗೆ ಇತ್ತು. ಹಾಗಾಗಿ "ಹಾರ್ಟನ್ ಹೋಗ್ತಾರೆ" ಅನ್ನೋದು ಗಾಳಿಸುದ್ದಿಯಾಗಿ ಶುರುವಾದರೂ, ಅದರ ಹಿಂದೆ ಅದನ್ನು ನಿಜ ಮಾಡುವ ಬಲವೂ ಇತ್ತು.

2013ರ ಫೆಬ್ರವರಿ 14ರಂದು ವಿಲೀನ ಘೋಷಣೆಯಾಯಿತು. ಪಾರ್ಕರ್ ಮುಖ್ಯಸ್ಥ. ಹಾರ್ಟನ್ ಹೊಸ ಕಂಪನಿಯ ಮೊದಲ ವಾರ್ಷಿಕ ಸಭೆಯ ತನಕ ಅಧ್ಯಕ್ಷ, ಆಮೇಲೆ ಮನೆಗೆ. ಬೀಳ್ಕೊಡುಗೆ? ಸುಮಾರು 2 ಕೋಟಿ ಡಾಲರ್, ಅರ್ಧ ನಗದು ಅರ್ಧ ಷೇರು. ಆಗ ಬಂತು ನೋಡಿ ಆ 503ನೇ ಸೆಕ್ಷನ್! ದಿವಾಳಿ ಪ್ರಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಟ್ರಸ್ಟಿ ಇದು ಮಿತಿ ಮೀರಿದ್ದು ಅಂತ ಆಕ್ಷೇಪಿಸಿದರು. ಮಾರ್ಚ್‌ನಲ್ಲಿ ಲೇನ್ ವಿಲೀನಕ್ಕೆ ಒಪ್ಪಿಗೆ ಕೊಟ್ಟರು, ಆದರೆ ಹಾರ್ಟನ್‌ರ ದುಡ್ಡಿಗೆ ಒಪ್ಪಿಗೆ ಕೊಡಲಿಲ್ಲ. ಅಮೆರಿಕನ್‌ನ ವಕೀಲರು ಇದು ಹೊಸ ಕಂಪನಿ ಕೊಡೋ ದುಡ್ಡು, ದಿವಾಳಿ ಕಂಪನಿಯದಲ್ಲ ಅಂತ ವಾದಿಸಿದರೂ ಅವರು ಜಗ್ಗಲಿಲ್ಲ. ಆಗಸ್ಟ್‌ನಲ್ಲಿ ಸರ್ಕಾರದ ನ್ಯಾಯ ಇಲಾಖೆ ವಿಲೀನವನ್ನೇ ತಡೆಯೋಕೆ ದಾವೆ ಹೂಡಿ, ನವೆಂಬರ್‌ನಲ್ಲಿ ರಾಜಿಯಾಗಿ, ಡಿಸೆಂಬರ್ 9ಕ್ಕೆ ಎರಡೂ ಕಂಪನಿ ಒಂದಾದವು. ಹೆಸರು ಅಮೆರಿಕನ್‌ದು, ಚುಕ್ಕಾಣಿ ಬಹುತೇಕ ಯುಎಸ್ ಏರ್‌ವೇಸ್‌ನವರದು. 2014ರಲ್ಲಿ ಹಾರ್ಟನ್ ಹೊರನಡೆದರು.

ಈಗ ಲೆಕ್ಕ ನೋಡೋಣ. ಗಾಳಿಸುದ್ದಿ ಎಷ್ಟು ನಿಜವಾಯಿತು? ದಿವಾಳಿ ಆಗುತ್ತೆ ಅಂದಿದ್ದು ಆಯಿತು. ಹಾರ್ಟನ್ ಹೋಗ್ತಾರೆ ಅಂದಿದ್ದು ಆಯಿತು. ಪೈಲಟ್‌ಗಳು ಗುಟ್ಟು ಗೊತ್ತಾಗಿ ಓಡ್ತಿದ್ದಾರೆ ಅಂದಿದ್ದು ಮಾತ್ರ ಪೂರ್ತಿ ಸರಿಯಲ್ಲ, ಅವರು ತಮ್ಮ ಪಿಂಚಣಿ ಲೆಕ್ಕ ಹಾಕಿ ಹೊರಟವರು. ತಪ್ಪು ಕಾರಣ, ಸರಿಯಾದ ಉತ್ತರ! ಗಾಳಿಸುದ್ದಿಯ ಗುಣವೇ ಇದು. ಅದು ಪುರಾವೆ ಅಲ್ಲ. ಆದರೆ ಲೆಕ್ಕಪತ್ರ ನೋಡೋಕೆ ಸಿಗದವರು ಕಣ್ಣಿಗೆ ಕಾಣೋದನ್ನು ನೋಡಿ ಅಂದಾಜು ಮಾಡುವ ದಾರಿ ಅದು. ಯಾವ ಕುರ್ಚಿ ಖಾಲಿ ಆಯಿತು, ಯಾರು ಟೇಬಲ್ ಖಾಲಿ ಮಾಡ್ತಿದ್ದಾರೆ… ಕೆಳಗಿನವರಿಗೆ ಕಾಣುವ ಆಯವ್ಯಯ ಪತ್ರ ಅಷ್ಟೇ.

ನಮ್ಮಲ್ಲೂ ಇದನ್ನು ಕಂಡಿದ್ದೀವಿ. ಅಮೆರಿಕನ್ ಕೋರ್ಟಿನಲ್ಲಿದ್ದ 2012ರಲ್ಲೇ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರೋದು ನಿಲ್ಲಿಸಿತು. ತಿಂಗಳುಗಟ್ಟಲೆ ಸಂಬಳ ಸಿಗದ ಆ ನೌಕರರಿಗೆ ಚಾಪ್ಟರ್ 11ರಂಥ ಕಾನೂನೂ ಇರಲಿಲ್ಲ, ಸಮಿತಿಯಲ್ಲಿ ಕುರ್ಚಿಯೂ ಇರಲಿಲ್ಲ. ನಮ್ಮ ದಿವಾಳಿ ಸಂಹಿತೆ ಬಂದಿದ್ದೇ 2016ರಲ್ಲಿ. ಅದರಲ್ಲಿ ಪ್ರಕರಣವನ್ನು ನ್ಯಾಯಮಂಡಳಿ ಅಂಗೀಕರಿಸಿದ ಮೇಲೆ ಆಡಳಿತ ಮಂಡಳಿಯ ಅಧಿಕಾರ ಅಮಾನತಾಗಿ, ಬೇರೊಬ್ಬ ವೃತ್ತಿಪರರ ಕೈಗೆ ಹೋಗುತ್ತೆ. ಹಾಗಂತ ಅಧಿಕಾರಿಗಳು ಹೊರಡುವ ಸುದ್ದಿ ನಿಂತಿತಾ? ಇಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ಹಾರಾಟ ನಿಲ್ಲಿಸಿತು. ಮೇ 14ರಂದು ಷೇರುಪೇಟೆಗೆ ಕೊಟ್ಟ ತಿಳಿವಳಿಕೆಯಲ್ಲಿ ಮುಖ್ಯಸ್ಥ ವಿನಯ್ ದುಬೆ, ಹಣಕಾಸು ಮುಖ್ಯಸ್ಥ ಅಮಿತ್ ಅಗರ್‌ವಾಲ್ ಇಬ್ಬರ ರಾಜೀನಾಮೆಯೂ ಹೊರಬಿತ್ತು, 'ವೈಯಕ್ತಿಕ ಕಾರಣ'. ಜೂನ್‌ನಲ್ಲಿ ಪ್ರಕರಣ ದಿವಾಳಿ ನ್ಯಾಯಮಂಡಳಿಗೆ ಹೋಯಿತು. ಮತ್ತೆ ಹಾರಿಸ್ತೀವಿ ಅಂತ ಬಂದ ಹೊಸ ಹೂಡಿಕೆದಾರರು 2022ರಲ್ಲಿ ಸಂಜೀವ್ ಕಪೂರ್‌ರನ್ನು ಮುಖ್ಯಸ್ಥರನ್ನಾಗಿ ತಂದರು, 2023ರಲ್ಲಿ ಅವರೂ ಹೋದರು. ಪ್ರಯಾಣಿಕರನ್ನು ಹೊತ್ತ ಒಂದು ವಿಮಾನವೂ ಮತ್ತೆ ಮೇಲೇರಲಿಲ್ಲ. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಕಂಪನಿಯ ಆಸ್ತಿ ಮಾರಿ ಮುಗಿಸಿ ಅಂದಿತು. ಐದೂವರೆ ವರ್ಷ ಸಂಬಳದ ಬಾಕಿಗೆ ಕಾದವರಿಗೆ 'ವೈಯಕ್ತಿಕ ಕಾರಣ' ಅನ್ನೋ ಎರಡು ಪದ ಎಷ್ಟು ಹೇಳಿತು, ಎಷ್ಟು ಮುಚ್ಚಿತು?

ಊರ ಬಾಯಿ ಮುಚ್ಚಿಸೋಕೆ ಆಗಲ್ಲ, ಆಗಬೇಕಾಗಿಯೂ ಇಲ್ಲ. ನನಗೆ ಈ ಹತ್ತು ವರ್ಷದ ಕತೆಯಿಂದ ಅನ್ನಿಸಿದ್ದು ಇಷ್ಟು: ಯಾರು ಹೋಗ್ತಾರೆ ಅಂತ ಕೇಳೋದು ಅರ್ಧ ಪ್ರಶ್ನೆ. ಏನು ತೆಗೆದುಕೊಂಡು ಹೋಗ್ತಾರೆ, ಉಳಿದವರಿಗೆ ಅದನ್ನು ಮೊದಲೇ ಹೇಳಿದ್ದಾರಾ ಅನ್ನೋದು ಉಳಿದರ್ಧ. ಕಾರ್ಟಿಯವರ ಬೋನಸ್ ಮತದಾನಕ್ಕೆ ಮುಂಚೆ ಯಾರೂ ಈ ಉಳಿದರ್ಧ ಕೇಳೋಕೆ ಆಗಲಿಲ್ಲ. ಹಾರ್ಟನ್‌ರ ಹೊತ್ತಿಗೆ ತೆರೆದ ಕೋರ್ಟಿನಲ್ಲಿ ಕೇಳೋಕೆ ಒಬ್ಬ ನ್ಯಾಯಾಧೀಶರಿದ್ದರು, ಒಂದು ಸೆಕ್ಷನ್ ಇತ್ತು. ಆ ಹತ್ತು ವರ್ಷದಲ್ಲಿ ಆದ ಪ್ರಗತಿ ಇದ್ದರೆ ಅದೊಂದೇ.

ವಿಮಾನ ಕಂಪನಿಯೇ ಆಗಬೇಕಿಲ್ಲ. ನೀವು ಕೆಲಸ ಮಾಡಿದ ಕಡೆ, ನಿಮ್ಮೂರಿನ ಕಾರ್ಖಾನೆಯಲ್ಲಿ ಇಂಥ 'ಅಂತೆ'ಗಳು ಎಷ್ಟು ನಿಜವಾದವು? ನೆನಪಿದ್ದರೆ ಬರೀರಿ, ಓದೋಕೆ ಕಾಯ್ತಿರ್ತೀನಿ.